ಜಾಥಾ ಮುಗಿದ ಮೇಲೆ ಕುಡಿತ ಕಡಿಮೆಯಾಗುತ್ತದೆಯೇ?

ಜೂನ್ 26 ಕೊಡಗಿನಲ್ಲಿ ಹೆಚ್ಚುಕಡಿಮೆ ಯಾವಾಗಲೂ ಮಳೆಯ ದಿನ. ಮಾದಕವಸ್ತು ವಿರೋಧಿ ದಿನವೆಂದು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಒಂದು ಕೈಗೆ ಕೊಡೆ, ಇನ್ನೊಂದು ಕೈಗೆ ಫಲಕ ಕೊಟ್ಟು ಪೇಟೆಯ ಸರ್ಕಲ್‌ವರೆಗೆ ಕರೆದುಕೊಂಡು ಹೋಗುತ್ತೇವೆ. ದಕ್ಷಿಣ ಕೊಡಗಿನ ಶಾಲೆಯೊಂದರಲ್ಲಿ ಪಾಠ ಹೇಳುವ ನಾನು ಹಲವು ವರ್ಷ ಈ ಜಾಥಾದ ಮುಂದೆ ನಡೆದಿದ್ದೇನೆ. ಫಲಕದ ಬಣ್ಣ ಮಳೆಗೆ ಇಳಿಯುವ ಹೊತ್ತಿಗೆ ಭಾಷಣ ಮುಗಿದಿರುತ್ತದೆ. ಹೋಗುವಾಗ ತೆರೆದಿದ್ದ ವೈನ್ ಶಾಪ್ ಬರುವಾಗಲೂ ತೆರೆದೇ ಇರುತ್ತದೆ.

ಒಂದು ವರ್ಷ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕೊಡೆ ಮಡಚುತ್ತಾ ಕೇಳಿದಳು: "ಮಿಸ್, ಇದರಿಂದ ಯಾರಾದ್ರೂ ಬಿಟ್ಟಿದ್ದಾರಾ?" ತೋಟದ ಕಾರ್ಮಿಕರು ವಾಸಿಸುವ ಲೈನ್ ಮನೆಯಿಂದ ಬರುತ್ತಿದ್ದ ಹುಡುಗಿ. ಅವಳು ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಕೇಳಿದಳು ಎನ್ನುವುದು ನನಗೆ ಗೊತ್ತಿತ್ತು. ಉತ್ತರ ಗೊತ್ತಿರಲಿಲ್ಲ. ಆಮೇಲೆ ಓದಲು ಶುರುಮಾಡಿದೆ. ಇದೇ ಪ್ರಶ್ನೆಯನ್ನು ಜಗತ್ತಿನ ಬೇರೆಬೇರೆ ಕಡೆ ಸಂಶೋಧಕರು ನಲವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಕೇಳಿಕೊಂಡು ಬಂದಿದ್ದಾರೆ. ಅವರಿಗೆ ಸಿಕ್ಕಿದ್ದರಲ್ಲಿ ನನಗೆ ನೋವಾದ ಸಂಗತಿಗಳಿವೆ, ಧೈರ್ಯ ಬಂದ ಸಂಗತಿಗಳೂ ಇವೆ.

ಬೋರ್ಡೋ ಹೊಡೆಯದ ಪಟ್ಟಿ

ಒಂದು ಕಾರ್ಯಕ್ರಮ ಕೆಲಸ ಮಾಡಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಕಾಫಿ ತೋಟದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮುಂಗಾರಿಗೆ ಮೊದಲು ಮೈಲುತುತ್ತ, ಸುಣ್ಣ ಕಲಸಿ ಗಿಡಕ್ಕೆ ಬೋರ್ಡೋ ಹೊಡೆಯುತ್ತೇವೆ. ಆಗಸ್ಟ್ ಬಂದರೂ ಕೊಳೆರೋಗ ಕಾಣಲಿಲ್ಲ ಎನ್ನೋಣ. ಅದು ಬೋರ್ಡೋದಿಂದಲೇ ಆಯಿತೆಂದು ಹೇಳಲು ಬರುವುದಿಲ್ಲ. ಆ ವರ್ಷ ಮಳೆ ಕಡಿಮೆ ಇದ್ದಿರಬಹುದು, ನೆರಳಿನ ಮರಗಳ ಕೊಂಬೆ ಕಡಿಯುವ ಮರಗಸಿ ಚೆನ್ನಾಗಿ ಆಗಿ ಗಿಡಕ್ಕೆ ಗಾಳಿ ಬೆಳಕು ಸಿಕ್ಕಿರಬಹುದು. ಅದೇ ಮಣ್ಣು, ಅದೇ ನೆರಳಿನ ಇನ್ನೊಂದು ಪಟ್ಟಿಯನ್ನು ಹೊಡೆಯದೆ ಬಿಟ್ಟು ಎರಡನ್ನೂ ನೋಡಿದರೆ ಮಾತ್ರ ಬೋರ್ಡೋ ಎಷ್ಟು ಕಾಯಿ ಉಳಿಸಿತು ಎಂದು ಗೊತ್ತಾಗುತ್ತದೆ.

ಶಾಲೆಗಳಲ್ಲೂ ಹಾಗೆಯೇ. ಕೆಲವು ಶಾಲೆಗಳಲ್ಲಿ ಕಾರ್ಯಕ್ರಮ ನಡೆಸಿ, ಅಂಥವೇ ಬೇರೆ ಶಾಲೆಗಳನ್ನು ಹಾಗೇ ಬಿಟ್ಟು, ಎರಡೂ ಕಡೆಯ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಬೇಕು. ಎಲ್ಲಿಗೆ ಕಾರ್ಯಕ್ರಮ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿದರೆ ಇನ್ನೂ ಒಳ್ಳೆಯದು. ಇಲ್ಲದಿದ್ದರೆ ಉತ್ಸಾಹಿ ಮೇಷ್ಟ್ರುಗಳಿರುವ ಶಾಲೆಗಳೇ ಮುಂದೆ ಬರುತ್ತವೆ, ಅಲ್ಲಿನ ಮಕ್ಕಳು ಮೊದಲೇ ಬೇರೆ ರೀತಿ ಇರುತ್ತಾರೆ. ಈ ಹೋಲಿಕೆ ಇಲ್ಲದೆ ಇನ್ನೊಂದು ತಪ್ಪೂ ಆಗುತ್ತದೆ. ಹದಿಮೂರರಿಂದ ಹದಿನಾರರವರೆಗೆ ಸಿಗರೇಟು, ಕುಡಿತ ಮುಟ್ಟಿ ನೋಡುವ ಮಕ್ಕಳ ಸಂಖ್ಯೆ ಎಲ್ಲ ಕಡೆ ಏರುತ್ತದೆ. ಕಾರ್ಯಕ್ರಮ ನಡೆದ ಶಾಲೆಯಲ್ಲೂ ಏರಿದ್ದನ್ನು ನೋಡಿ "ಏನೂ ಉಪಯೋಗವಾಗಲಿಲ್ಲ" ಎಂದು ಕೈಬಿಡುತ್ತೇವೆ. ಪಕ್ಕದ ಶಾಲೆಯಲ್ಲಿ ಅದರ ಎರಡರಷ್ಟು ಏರಿರಬಹುದು, ಅದನ್ನು ನೋಡಿದವರು ಯಾರು?

ಅಳೆಯುವುದು ಏನನ್ನು ಎಂಬುದೂ ಮುಖ್ಯ. ಭಾಷಣದ ಮಾರನೇ ದಿನ ಪರೀಕ್ಷೆ ಕೊಟ್ಟರೆ ಮಕ್ಕಳು ತಂಬಾಕಿನಿಂದ ಬರುವ ಕಾಯಿಲೆಗಳ ಹೆಸರು ತಪ್ಪಿಲ್ಲದೆ ಬರೆಯುತ್ತಾರೆ. ಆರು ತಿಂಗಳ ನಂತರ ಸಂತೆಯ ಹಿಂದೆ ನಿಂತು ಸಿಗರೇಟು ಹಂಚಿಕೊಳ್ಳುವವರಲ್ಲಿ ಪೂರ್ತಿ ಅಂಕ ಪಡೆದವನೂ ಇರುತ್ತಾನೆ. ಅರಿವು ಹೆಚ್ಚಿದ್ದಕ್ಕೂ ಬಳಕೆ ಕಡಿಮೆಯಾದದ್ದಕ್ಕೂ ಬಹಳ ದೂರ. ನಮ್ಮ ವರದಿಗಳಲ್ಲಿ ಬರೆಯುವ "ಇಷ್ಟು ವಿದ್ಯಾರ್ಥಿಗಳು ಭಾಗವಹಿಸಿದರು" ಎಂಬ ಸಾಲಂತೂ ಇವೆರಡರಲ್ಲಿ ಯಾವುದನ್ನೂ ಹೇಳುವುದಿಲ್ಲ.

ಹೆದರಿಸಿದಾಗ ಏನಾಯಿತು

1983ರಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಡೇರ್ ಎಂಬ ಕಾರ್ಯಕ್ರಮ ಶುರುವಾಯಿತು. ಸಮವಸ್ತ್ರದ ಪೊಲೀಸ್ ಅಧಿಕಾರಿಗಳು ತರಗತಿಗೆ ಬಂದು ಮಾದಕವಸ್ತುಗಳ ಬಗ್ಗೆ ಪಾಠ ಮಾಡುತ್ತಿದ್ದರು. ಪೋಷಕರು ಮೆಚ್ಚಿದರು, ಶಿಕ್ಷಕರು ಮೆಚ್ಚಿದರು, ಪೊಲೀಸರೂ ಮೆಚ್ಚಿದರು. ಅದು ದೇಶದ ಬಹುಪಾಲು ಶಾಲಾ ಜಿಲ್ಲೆಗಳಿಗೆ ಹಬ್ಬಿತು. 1994ರಲ್ಲಿ ಅದರ ಮೇಲಿನ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಮಕ್ಕಳ ಮಾದಕವಸ್ತು ಬಳಕೆಯ ಮೇಲೆ ಆದ ಪರಿಣಾಮ ತೀರಾ ಅಲ್ಪ ಎಂದು ಕಂಡಿತು. 2004ರ ಇನ್ನೊಂದು ಪರಿಶೀಲನೆಯೂ ಅದನ್ನೇ ಹೇಳಿತು. ಕೊನೆಗೆ 2009ರಲ್ಲಿ ಅವರೇ ಪಾಠಕ್ರಮ ಬದಲಿಸಿದರು.

1998ರಿಂದ 2004ರವರೆಗೆ ಅಲ್ಲಿನ ಸರ್ಕಾರ ಗಾಂಜಾ ವಿರುದ್ಧ ಟೀವಿ, ರೇಡಿಯೋ ಜಾಹೀರಾತುಗಳಿಗೆ ಸುಮಾರು 100 ಕೋಟಿ ಡಾಲರ್ ಸುರಿಯಿತು. ಬಳಕೆ ಇಳಿಯಲಿಲ್ಲ. ಜಾಹೀರಾತು ಹೆಚ್ಚು ನೋಡಿದ ಮಕ್ಕಳಲ್ಲಿ ಕೆಲವರು "ಇಷ್ಟೆಲ್ಲ ಹೇಳುತ್ತಿದ್ದಾರೆಂದರೆ ಎಲ್ಲರೂ ಸೇದುತ್ತಿರಬೇಕು" ಎಂಬ ಭಾವನೆಗೆ ಬಂದಿರಬಹುದು ಎಂಬ ಸೂಚನೆ ಸಿಕ್ಕಿತು. ಇದನ್ನು ಓದಿದಾಗ ನಮ್ಮ ಶಾಲೆಯ ಒಂದು ಮಧ್ಯಾಹ್ನ ನೆನಪಾಯಿತು. ಅತಿಥಿಯಾಗಿ ಬಂದವರು ಮಾತ್ರೆ, ಪುಡಿ, ಅಂಟುಗಳ ಚಿತ್ರ ತೋರಿಸಿ ಒಂದೊಂದರ ಹೆಸರು, ಅದು ಕೊಡುವ ಅಮಲು ಎಲ್ಲವನ್ನೂ ಮನಮುಟ್ಟುವಂತೆ ವಿವರಿಸಿದರು. ವಾರದ ನಂತರವೂ ಹುಡುಗರ ಬಾಯಲ್ಲಿ ಆ ಹೆಸರುಗಳಿದ್ದವು. ಅಪಾಯದ ಭಾಗ ಯಾರಿಗೂ ನೆನಪಿರಲಿಲ್ಲ. ಬಂದವರ ಉದ್ದೇಶ ಒಳ್ಳೆಯದೇ ಇತ್ತು, ಅವರನ್ನು ಕರೆಸಿದವಳೂ ನಾನೇ. ಈಗ ಕರೆಸುವುದಿಲ್ಲ.

ಹೆದರಿಕೆ ಏಕೆ ಹಿಡಿಯುವುದಿಲ್ಲ? ಹದಿನಾಲ್ಕರ ಹುಡುಗನಿಗೆ ಐವತ್ತರಲ್ಲಿ ಬರುವ ಕ್ಯಾನ್ಸರ್ ಬೇರೆ ಯಾರದ್ದೋ ಕಥೆ. ಅದಕ್ಕಿಂತ ಹೆಚ್ಚಾಗಿ, ನಾವು ಹೇಳುವುದಕ್ಕೂ ಅವನು ಕಾಣುವುದಕ್ಕೂ ತಾಳೆಯಾಗುವುದಿಲ್ಲ. ಒಮ್ಮೆ ಕುಡಿದರೆ ಸರ್ವನಾಶ ಎನ್ನುತ್ತೇವೆ. ಮದುವೆಮನೆಯಲ್ಲಿ ಕುಡಿದ ಮಾವ ಮಾರನೇ ಬೆಳಿಗ್ಗೆ ತೋಟಕ್ಕೆ ಹೋಗಿ ಕೆಲಸ ಮಾಡಿಸುತ್ತಿರುತ್ತಾನೆ. ಆಗ ಮಗು ನಮ್ಮ ಉಳಿದ ಮಾತುಗಳನ್ನೂ ನಂಬುವುದು ಬಿಡುತ್ತದೆ.

ನಮ್ಮ ಫಲಕಗಳಲ್ಲಿ ಬಿಡಿಸುವುದು ಸಿರಿಂಜಿನ ಚಿತ್ರ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, 10ರಿಂದ 75 ವರ್ಷದವರಲ್ಲಿ ಶೇ 14.6 ಮಂದಿ ಮದ್ಯ ಸೇವಿಸುತ್ತಿದ್ದರು. ಭಂಗಿ, ಗಾಂಜಾ ಬಳಸುವವರು ಶೇ 2.8, ಅಫೀಮು ವರ್ಗದವುಗಳನ್ನು ಬಳಸುವವರು ಶೇ 2.1. ಗಾಂಜಾ ಸಣ್ಣ ವಿಷಯವೆಂದು ಹೇಳುತ್ತಿಲ್ಲ, ಗಡಿ ದಾಟಿ ಬರುವ ಪೊಟ್ಟಣಗಳ ಸುದ್ದಿ ನಾವೂ ಓದುತ್ತೇವೆ. ಆದರೆ ಮಗು ಮೊದಲು ಎದುರಿಸುವುದು ಅಜ್ಜಿಯ ಎಲೆಯಡಿಕೆ ಡಬ್ಬಿಯ ಹೊಗೆಸೊಪ್ಪನ್ನು, ಅಪ್ಪನ ಕ್ವಾಟ್ರು ಬಾಟಲಿಯನ್ನು.

ಬೇಡ ಎನ್ನುವ ಅಭ್ಯಾಸ

ಹಾಗಾದರೆ ಶಾಲೆಯಲ್ಲಿ ಏನೂ ಮಾಡಿ ಪ್ರಯೋಜನವಿಲ್ಲವೇ? ಇದೆ. ದೆಹಲಿ ಮತ್ತು ಚೆನ್ನೈನ 32 ಶಾಲೆಗಳಲ್ಲಿ 2004ರಿಂದ 2006ರವರೆಗೆ ಮೈತ್ರಿ ಎಂಬ ಯೋಜನೆ ನಡೆಯಿತು. ಶುರುವಾದಾಗ ಮಕ್ಕಳು ಆರು ಮತ್ತು ಎಂಟನೇ ತರಗತಿಯಲ್ಲಿದ್ದರು. ತಂಬಾಕಿನ ಬಗ್ಗೆ ತರಗತಿ ಚಟುವಟಿಕೆಗಳಿದ್ದವು, ಅವುಗಳಲ್ಲಿ ಹೆಚ್ಚಿನವನ್ನು ನಡೆಸಿದ್ದು ಅದಕ್ಕೆಂದು ತಯಾರಾದ ಮಕ್ಕಳೇ. ಮನೆಗೆ ಪೋಷಕರ ಹೆಸರಿಗೆ ಅಂಚೆ ಕಾರ್ಡ್ ಹೋಗುತ್ತಿತ್ತು. ಎರಡು ವರ್ಷದ ಕೊನೆಗೆ ಕಾರ್ಯಕ್ರಮವಿಲ್ಲದ ಶಾಲೆಗಳಲ್ಲಿ ತಂಬಾಕು ಬಳಕೆ ಶೇ 68ರಷ್ಟು ಏರಿತ್ತು, ಕಾರ್ಯಕ್ರಮವಿದ್ದ ಶಾಲೆಗಳಲ್ಲಿ ಶೇ 17ರಷ್ಟು ಇಳಿದಿತ್ತು. ಇದು ನಮ್ಮದೇ ದೇಶದ, ಚೀಟಿ ಎತ್ತಿ ಹೋಲಿಸಿದ ಫಲಿತಾಂಶ.

ಇಂಥ ಕಾರ್ಯಕ್ರಮಗಳು ಕಲಿಸುವುದು ಮುಖ್ಯವಾಗಿ ಎರಡು ಸಂಗತಿ. ಮೊದಲನೆಯದು, ಸ್ನೇಹ ಕೆಡದಂತೆ ಬೇಡ ಎನ್ನುವುದು. ಇದು ಬಾಯಿಪಾಠದಿಂದ ಬರುವುದಿಲ್ಲ, ಆಡಿ ಅಭ್ಯಾಸ ಮಾಡಬೇಕು. ನಮ್ಮ ತರಗತಿಯಲ್ಲಿ ನಾನು ಮಾಡಿಸುವ ಸನ್ನಿವೇಶ ಮದುವೆಮನೆಯದು. ಚಪ್ಪರದ ಹಿಂದೆ ದೊಡ್ಡ ಹುಡುಗರು ಗ್ಲಾಸ್ ಹಿಡಿದಿದ್ದಾರೆ, ಒಬ್ಬ "ಗಂಡಸಾ ನೀನು?" ಎನ್ನುತ್ತಾನೆ. ಈಗ ಏನು ಹೇಳುತ್ತೀ? ಮೊದಲ ಸಲ ಎಲ್ಲರೂ ನಗುತ್ತಾರೆ. ಮೂರನೇ ಸಲಕ್ಕೆ ಅವರದೇ ಉತ್ತರಗಳು ಹುಟ್ಟುತ್ತವೆ: "ನಾಳೆ ಮ್ಯಾಚ್ ಇದೆ", "ಅಪ್ಪನನ್ನು ಮನೆಗೆ ಕರ್ಕೊಂಡು ಹೋಗೋನು ನಾನೇ". ಈ ಎರಡನೇ ಉತ್ತರ ಕೊಟ್ಟ ಹುಡುಗ ಏಳನೇ ತರಗತಿಯವನು.

ಎರಡನೆಯದು, "ಎಲ್ಲರೂ ಮಾಡುತ್ತಾರೆ" ಎಂಬ ತಪ್ಪು ಲೆಕ್ಕವನ್ನು ಸರಿಪಡಿಸುವುದು. ತಮ್ಮ ವಯಸ್ಸಿನವರಲ್ಲಿ ಎಷ್ಟು ಮಂದಿ ಕುಡಿಯುತ್ತಾರೆ, ಸೇದುತ್ತಾರೆ ಎಂದು ಮಕ್ಕಳನ್ನು ಕೇಳಿದರೆ ಇರುವುದಕ್ಕಿಂತ ಬಹಳ ಹೆಚ್ಚು ಹೇಳುತ್ತಾರೆ. ಹಾಗೆ ನಂಬಿದವರು ತಾವೂ ಬೇಗ ಶುರುಮಾಡುತ್ತಾರೆ. ಹೆಸರಿಲ್ಲದ ಚೀಟಿಯಲ್ಲಿ ಬರೆಸಿ ತರಗತಿಯ ನಿಜವಾದ ಲೆಕ್ಕವನ್ನು ಹಲಗೆಯ ಮೇಲೆ ಬರೆದಾಗ ಮಕ್ಕಳಿಗೆ ಆಶ್ಚರ್ಯವಾಗುತ್ತದೆ. "ಕೊಡಗಿನವರೆಂದರೆ ಕುಡಿಯುವವರು" ಎಂದು ಹೊರಗಿನವರೂ ನಾವೂ ಹೆಮ್ಮೆಯಂತೆ ಹೇಳಿಕೊಳ್ಳುತ್ತೇವಲ್ಲ, ಅದೂ ಇಂಥದೇ ತಪ್ಪು ಲೆಕ್ಕ. ಗಂಡಸರಲ್ಲೇ ಕುಡಿಯದ ಎಷ್ಟೋ ಮಂದಿ ಪ್ರತಿ ಊರಲ್ಲಿದ್ದಾರೆ. ಆ ಮಾತು ಕೇಳುತ್ತಾ ಬೆಳೆಯುವ ಹುಡುಗನ ಕಣ್ಣಿಗೆ ಅವರು ಬೀಳುವುದೇ ಇಲ್ಲ. ಈ ಮಾತು ನನಗೆ ನಿಜಕ್ಕೂ ನೋವು ಕೊಡುತ್ತದೆ.

ಫಲಿತಾಂಶ ಎಷ್ಟು ದೊಡ್ಡದು ಎಂಬ ಬಗ್ಗೆ ಅತಿ ಆಸೆ ಬೇಡ. ಒಂದು ಉದಾಹರಣೆಯ ಲೆಕ್ಕ ಹಾಕೋಣ: ನೂರು ಮಕ್ಕಳಲ್ಲಿ, ಏನೂ ಮಾಡದಿದ್ದರೆ, ಇಪ್ಪತ್ತು ಮಂದಿ ಹದಿನಾರರೊಳಗೆ ಶುರುಮಾಡುತ್ತಾರೆ. ಒಳ್ಳೆಯ ಕಾರ್ಯಕ್ರಮದಿಂದ ಅದು ಹದಿನೇಳಕ್ಕೆ ಇಳಿಯಿತು ಎನ್ನೋಣ. ಎಂಬತ್ತು ಮಂದಿಗೆ ಅದು ಹೇಗೂ ಬೇಕಿರಲಿಲ್ಲ, ಹದಿನೇಳು ಮಂದಿಯನ್ನು ತಡೆಯಲಾಗಲಿಲ್ಲ, ಉಳಿದದ್ದು ಮೂವರು. ಆ ಮೂವರು ಯಾರೆಂದು ಯಾರಿಗೂ, ಸ್ವತಃ ಅವರಿಗೂ ಗೊತ್ತಾಗುವುದಿಲ್ಲ. ತಡೆಯುವ ಕೆಲಸ ಕಣ್ಣಿಗೆ ಕಾಣದಿರುವುದು ಹೀಗೆ. ಜಿಲ್ಲೆಯ ಎಲ್ಲ ಶಾಲೆಗಳ ಮಕ್ಕಳನ್ನು ಲೆಕ್ಕ ಹಾಕಿದರೆ ಆ ಮೂವರು ಎಷ್ಟಾಗುತ್ತಾರೆ ನೋಡಿ.

ಎಲ್ಲ ಒಳ್ಳೆಯ ಪಾಠಕ್ರಮವೂ ಗೆಲ್ಲುವುದಿಲ್ಲ ಎನ್ನುವುದನ್ನೂ ಹೇಳಬೇಕು. ಅಮೆರಿಕದ ವಾಷಿಂಗ್ಟನ್ ರಾಜ್ಯದ 40 ಶಾಲಾ ಜಿಲ್ಲೆಗಳಲ್ಲಿ ಮೂರನೇ ತರಗತಿಯಿಂದ ಹನ್ನೆರಡರವರೆಗೆ ಇಂಥದೇ ಧೂಮಪಾನ ವಿರೋಧಿ ಪಾಠ ನಡೆಸಿ ಸುಮಾರು ಹದಿನೈದು ವರ್ಷ ಕಾದು 2000ದಲ್ಲಿ ಫಲಿತಾಂಶ ಪ್ರಕಟಿಸಿದರು. ಪಾಠ ಕೇಳಿದವರಲ್ಲೂ ಕೇಳದವರಲ್ಲೂ ಹನ್ನೆರಡನೇ ತರಗತಿಯ ಹೊತ್ತಿಗೆ ದಿನಾ ಸೇದುವವರು ಸುಮಾರು ಕಾಲುಭಾಗ. ಏನೂ ವ್ಯತ್ಯಾಸವಿಲ್ಲ. ಶಾಲೆಯ ಗೋಡೆಯ ಹೊರಗೆ ಏನೂ ಬದಲಾಗದಿದ್ದರೆ ಒಳಗಿನ ಪಾಠ ಸೋಲಬಹುದು.

ಇದಕ್ಕೆ ಪೂರ್ತಿ ಬೇರೆಯದೊಂದು ಪ್ರಯೋಗ ನನ್ನ ಮನಸ್ಸಿನಲ್ಲಿ ಉಳಿದಿದೆ. 1985–86ರಲ್ಲಿ ಅಮೆರಿಕದ ಬಾಲ್ಟಿಮೋರ್‌ನ ಒಂದನೇ ತರಗತಿ ಮಕ್ಕಳಿಗೆ ಒಳ್ಳೆಯ ನಡತೆಯ ಆಟವೊಂದನ್ನು ಆಡಿಸಿದರು. ಮಕ್ಕಳು ಗುಂಪುಗಳಾಗಿ, ಗಲಾಟೆ ಮಾಡದೆ, ಒಬ್ಬರನ್ನೊಬ್ಬರು ತಿದ್ದಿಕೊಂಡು ಕೆಲಸ ಮಾಡಿದರೆ ಗುಂಪಿಗೆ ಸಣ್ಣ ಬಹುಮಾನ. ಕುಡಿತದ ಬಗ್ಗೆ ಅದರಲ್ಲಿ ಒಂದು ಮಾತೂ ಇರಲಿಲ್ಲ. ಅವರಿಗೆ 19–21 ವರ್ಷವಾದಾಗ ಹುಡುಕಿ ನೋಡಿದರೆ, ಆ ಆಟ ಆಡಿದವರಲ್ಲಿ ಮಾದಕವಸ್ತು ಮತ್ತು ಕುಡಿತದ ತೊಂದರೆಗಳು ಕಡಿಮೆ ಇದ್ದವು. ಆರು ವರ್ಷಕ್ಕೇ ಜಗಳಗಂಟರಾಗಿದ್ದ, ಮೇಷ್ಟ್ರು ಬೈದು ಹೊರಗೆ ನಿಲ್ಲಿಸುತ್ತಿದ್ದಂಥ ಹುಡುಗರಲ್ಲಿ ಲಾಭ ಹೆಚ್ಚಾಗಿ ಕಂಡಿತು. ತರಗತಿಯಿಂದ ಹೊರಗೆ ನಿಲ್ಲಿಸಿದ ಮಗು ಮುಂದೆ ಯಾವ ಗುಂಪಿನೊಳಗೆ ಹೋಗಿ ನಿಲ್ಲುತ್ತದೆ ಎಂದು ಅಂದಿನಿಂದ ಯೋಚಿಸುತ್ತೇನೆ.

ಸಂಜೆ ನಾಲ್ಕರಿಂದ ಏಳು

ತಡೆ ಎಂದಾಗ ಜಗತ್ತು ಇತ್ತೀಚೆಗೆ ಹೆಚ್ಚು ಮಾತಾಡುವುದು ಐಸ್‌ಲ್ಯಾಂಡ್ ಬಗ್ಗೆ. 1998ರಲ್ಲಿ ಅಲ್ಲಿನ 15–16 ವರ್ಷದವರಲ್ಲಿ ಶೇ 42 ಮಂದಿ ಹಿಂದಿನ ಒಂದು ತಿಂಗಳೊಳಗೆ ಅಮಲೇರುವಷ್ಟು ಕುಡಿದಿದ್ದರು. 2016ರ ಹೊತ್ತಿಗೆ ಅದು ಶೇ 5. ದಿನಾ ಸಿಗರೇಟು ಸೇದುವವರು ಶೇ 23ರಿಂದ ಶೇ 3ಕ್ಕೆ ಇಳಿದರು. ಅವರು ಮಕ್ಕಳಿಗೆ ಭಾಷಣ ಹೆಚ್ಚು ಮಾಡಲಿಲ್ಲ. ಮಕ್ಕಳ ಸಂಜೆಗಳನ್ನು ತುಂಬಿದರು. ಕ್ರೀಡೆ, ಸಂಗೀತ, ನೃತ್ಯ ತರಬೇತಿಗೆ ರಾಜಧಾನಿಯಲ್ಲಿ ಪ್ರತಿ ಮಗುವಿನ ಹೆಸರಿಗೆ ನಗರಸಭೆ ಹಣ ಕೊಟ್ಟಿತು. 13ರಿಂದ 16 ವರ್ಷದವರು ಚಳಿಗಾಲದಲ್ಲಿ ರಾತ್ರಿ 10ರ ನಂತರ ದೊಡ್ಡವರಿಲ್ಲದೆ ಹೊರಗಿರಬಾರದೆಂಬ ನಿಯಮ ತಂದರು. ಅದನ್ನು ಕಾಯಲು ಪೋಷಕರೇ ಸರದಿಯಲ್ಲಿ ಬೀದಿ ಸುತ್ತಿದರು. ವರ್ಷವರ್ಷ ಮಕ್ಕಳ ಸಮೀಕ್ಷೆ ಮಾಡಿ ಆಯಾ ಊರಿನ ಫಲಿತಾಂಶವನ್ನು ಆಯಾ ಊರಿಗೇ ಬೇಗ ಕೊಟ್ಟರು. ಅದೇ ಕಾಲದಲ್ಲಿ ಯುರೋಪಿನ ಬೇರೆ ಕಡೆಗಳಲ್ಲೂ ಹದಿಹರೆಯದವರ ಕುಡಿತ ಇಳಿಯಿತು, ಹಾಗಾಗಿ ಪೂರ್ತಿ ಶ್ರೇಯ ಈ ಕಾರ್ಯಕ್ರಮಕ್ಕೇ ಸಲ್ಲದು. ಆದರೂ ಐಸ್‌ಲ್ಯಾಂಡ್‌ನಷ್ಟು ಕಡಿದಾದ ಇಳಿತ ಕಂಡ ದೇಶಗಳು ವಿರಳ.

ಇದನ್ನು ಓದುವ ಕೊಡಗಿನ ಯಾರಿಗಾದರೂ ಹಾಕಿ ನೆನಪಾಗದೆ ಇರುವುದಿಲ್ಲ. ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯ ಅವರಂಥ ಆಟಗಾರರನ್ನು ಕೊಟ್ಟ ನೆಲ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು 60 ಕುಟುಂಬ ತಂಡಗಳೊಂದಿಗೆ ಶುರುಮಾಡಿದ ಕೊಡವ ಹಾಕಿ ಉತ್ಸವಕ್ಕೆ ಈಗ 300ಕ್ಕೂ ಹೆಚ್ಚು ಕುಟುಂಬಗಳು ಬರುತ್ತವೆ. ಅಜ್ಜ, ಮೊಮ್ಮಗಳು ಒಂದೇ ತಂಡದಲ್ಲಿ ಆಡುತ್ತಾರೆ. ಇಷ್ಟು ಆಟ ಇರುವ ಜಿಲ್ಲೆಯಲ್ಲಿ ಕುಡಿತದ ತೊಂದರೆ ತಾನಾಗಿ ಕಡಿಮೆ ಇರಬೇಕಿತ್ತಲ್ಲವೇ?

ಆಟ ತಾನಾಗಿ ಕಾಯುವುದಿಲ್ಲ. ಐಸ್‌ಲ್ಯಾಂಡ್‌ನ ಸಂಶೋಧಕರೇ ಕಂಡುಕೊಂಡಂತೆ, ತರಬೇತುದಾರರು, ಹೊಣೆ ಹೊತ್ತ ಹಿರಿಯರು ಇರುವ ಕ್ಲಬ್ಬಿನ ಆಟದಲ್ಲಿ ತೊಡಗಿದ ಮಕ್ಕಳಲ್ಲಿ ಕುಡಿತ ಕಡಿಮೆ. ದೊಡ್ಡವರಿಲ್ಲದೆ ಹುಡುಗರೇ ಸೇರಿ ಆಡುವ ಆಟಕ್ಕೆ ಆ ಗುಣ ಇಲ್ಲ. ಪಂದ್ಯ ಮುಗಿದ ಮೇಲೆ ಜೀಪಿನ ಹಿಂಬದಿಯಲ್ಲಿ ಬಾಟಲಿ ತೆರೆದುಕೊಂಡರೆ, ಗೆದ್ದ ತಂಡದ ಹುಡುಗ ಕಲಿಯುವುದು ಆಟ ಮತ್ತು ಕುಡಿತ ಒಟ್ಟಿಗೆ ಬರುತ್ತವೆ ಎಂಬುದನ್ನು. ಉತ್ಸವ ವರ್ಷಕ್ಕೊಮ್ಮೆ ಬರುತ್ತದೆ. ಮಗು ಕಳೆಯಬೇಕಾದದ್ದು ವರ್ಷದ ಎಲ್ಲ ಸಂಜೆಗಳನ್ನು.

ಇನ್ನೊಂದು ಮಾತನ್ನು ನನ್ನ ಜಿಲ್ಲೆಯವರಿಗೆ ಪ್ರೀತಿಯಿಂದಲೇ ಹೇಳಬೇಕು. ಹಾಕಿ ಸ್ಟಿಕ್ಕು ಕೈಗೆ ಸಿಗುವ ಮಕ್ಕಳು ಯಾರು? ಲೈನ್ ಮನೆಯ ಯರವ, ಕುರುಬ ಬುಡಕಟ್ಟುಗಳ ಮಕ್ಕಳು, ಕಾಫಿ ಕೊಯ್ಲಿಗೆಂದು ದೂರದ ರಾಜ್ಯಗಳಿಂದ ಅಪ್ಪ ಅಮ್ಮನ ಜೊತೆ ಬಂದವರ ಮಕ್ಕಳು ಶಾಲೆ ಬಿಟ್ಟ ಮೇಲೆ ಎಲ್ಲಿರುತ್ತಾರೆ? ಸಂಜೆ ನಾಲ್ಕಕ್ಕೆ ಬಸ್ಸು ತಪ್ಪಿದರೆ ಕಾಡಾನೆ ಭಯದಲ್ಲಿ ಮನೆ ಸೇರಬೇಕಾದ ಮಗುವಿಗೆ ಮೈದಾನ ಇದ್ದೂ ಇಲ್ಲ. ಐಸ್‌ಲ್ಯಾಂಡ್‌ನಲ್ಲಿ ಹಣ ಕೊಟ್ಟದ್ದು ಎಲ್ಲ ಮಕ್ಕಳ ಹೆಸರಿಗೆ. ಆಟದ ನಂತರ ಮನೆ ತಲುಪಿಸುವ ಒಂದು ವಾಹನ, ಹತ್ತು ಹೆಚ್ಚುವರಿ ಸ್ಟಿಕ್ಕು ನಮ್ಮ ಊರಿನಲ್ಲಿ ಜಾಥಾಗಿಂತ ಹೆಚ್ಚಿನ ಕೆಲಸ ಮಾಡಬಲ್ಲವು ಎಂದು ನಾನು ನಂಬುತ್ತೇನೆ.

ಮೊದಲ ಗುಟುಕು ಕೊಡುವ ಕೈ

ಕೊಡಗಿನಲ್ಲಿ ಮದ್ಯ ಪೂಜೆಯ ಒಳಗೂ ಇದೆ. ಕುಲದ ಹಿರಿಯನಾದ ಕಾರೋಣನಿಗೆ ಮೀದಿ (ಎಡೆ) ಇಡುವಾಗ ಮದ್ಯ ಇಡುತ್ತಾರೆ, ಕೈಲ್‌ಪೊಳ್ದ್ ಹಬ್ಬಕ್ಕೆ ಬಂದ ನೆಂಟರಿಗೆ ಹಂದಿ ಸಾರಿನ ಜೊತೆ ಗ್ಲಾಸು ಬರುತ್ತದೆ. ಅದನ್ನು ಪಾಪ ಎಂದು ಕರೆಯುವ ಕಾರ್ಯಕ್ರಮ ಇಲ್ಲಿ ಮೊದಲ ದಿನವೇ ಸೋಲುತ್ತದೆ. ಸೋಲಬೇಕಾದದ್ದೇ, ಹಿರಿಯರ ನೆನಪಿಗೆ ಇಟ್ಟದ್ದನ್ನು ಅವಮಾನಿಸಿ ಯಾರನ್ನೂ ತಿದ್ದಲಾಗದು. ಆದರೆ ಕಾರೋಣನ ಮುಂದಿನ ಗ್ಲಾಸಿಗೂ ಹದಿಮೂರರ ಹುಡುಗನ ಕೈಯ ಗ್ಲಾಸಿಗೂ ಸಂಬಂಧವಿಲ್ಲ.

"ಹೊರಗೆ ಕದ್ದು ಕುಡಿಯುವುದಕ್ಕಿಂತ ಮನೆಯಲ್ಲಿ ನಮ್ಮ ಮುಂದೆಯೇ ಸ್ವಲ್ಪ ಕುಡಿದು ಹದ ಕಲಿಯಲಿ" ಎಂಬ ಮಾತನ್ನು ಒಳ್ಳೆಯ ಮನಸ್ಸಿನ ಪೋಷಕರಿಂದಲೇ ಕೇಳಿದ್ದೇನೆ. ಆಸ್ಟ್ರೇಲಿಯಾದಲ್ಲಿ 1,900ಕ್ಕೂ ಹೆಚ್ಚು ಮಕ್ಕಳನ್ನು ಆರು ವರ್ಷ ಗಮನಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಪರೀಕ್ಷಿಸಿತು. ಪೋಷಕರು ಕೊಟ್ಟ ಮದ್ಯ ಮಕ್ಕಳನ್ನು ಕಾಯಿತು ಎಂಬುದಕ್ಕೆ ಯಾವ ಆಧಾರವೂ ಸಿಗಲಿಲ್ಲ. ಹಾಗೆ ಪಡೆದವರು ಬೇರೆ ಕಡೆಯಿಂದಲೂ ಪಡೆಯುವ, ಮಿತಿಮೀರಿ ಕುಡಿಯುವ ಸಾಧ್ಯತೆಯೇ ಹೆಚ್ಚಿತ್ತು. 1997ರ ಅಮೆರಿಕದ ವಿಶ್ಲೇಷಣೆಯೊಂದರಲ್ಲಿ 15 ವರ್ಷಕ್ಕೆ ಮೊದಲೇ ಕುಡಿಯಲು ಶುರುಮಾಡಿದವರಲ್ಲಿ ಸುಮಾರು ಶೇ 40 ಮಂದಿ ಜೀವನದಲ್ಲಿ ಯಾವಾಗಲಾದರೂ ಮದ್ಯಕ್ಕೆ ದಾಸರಾಗಿದ್ದರು. 20 ದಾಟಿದ ಮೇಲೆ ಶುರುಮಾಡಿದವರಲ್ಲಿ ಅದು ಸುಮಾರು ಶೇ 10. ಬೇಗ ಶುರುಮಾಡುವ ಮಕ್ಕಳಿಗೆ ಬೇರೆ ಕಷ್ಟಗಳೂ ಇರುತ್ತವೆ, ಎಲ್ಲವೂ ವಯಸ್ಸಿನ ಪರಿಣಾಮವೇ ಅಲ್ಲ. ಆದರೂ ತಡವಾದಷ್ಟು ಒಳ್ಳೆಯದು ಎಂಬ ದಿಕ್ಕು ಬಹುತೇಕ ಅಧ್ಯಯನಗಳಲ್ಲಿ ಒಂದೇ.

ಮಳೆ, ಚಳಿಗೆ ಒಂದು ಗುಟುಕು ಮೈ ಬೆಚ್ಚಗಿಡುತ್ತದೆ ಎನ್ನುವುದು ಇಲ್ಲಿನ ಇನ್ನೊಂದು ನಂಬಿಕೆ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಅದಕ್ಕೇ ಬಿಸಿ ಅನಿಸುವುದು. ಒಳಗಿನ ಶಾಖ ಅದೇ ದಾರಿಯಲ್ಲಿ ಹೊರಗೆ ಹೋಗಿ ದೇಹ ಇನ್ನೂ ತಣ್ಣಗಾಗುತ್ತದೆ.

ಬಟವಾಡೆ ದಿನ

ಇಷ್ಟೂ ಮಾತಾಡಿದ್ದು ಮಕ್ಕಳ ಬಗ್ಗೆ. ದೊಡ್ಡವರ ವಿಷಯದಲ್ಲಿ ಹೆಚ್ಚು ನಂಬಬಹುದಾದ ತಡೆಗಳು ಬೆಲೆ, ಸಿಗುವ ಜಾಗ, ಸಿಗುವ ಹೊತ್ತು. ತಂಬಾಕಿನ ಬೆಲೆ ಶೇ 10 ಏರಿದರೆ ಭಾರತದಂಥ ದೇಶಗಳಲ್ಲಿ ಬಳಕೆ ಸುಮಾರು ಶೇ 5 ಇಳಿಯುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದೆ. ಹೆಚ್ಚು ಇಳಿಯುವುದು ಕಿಸೆಯಲ್ಲಿ ಕಡಿಮೆ ಹಣ ಇರುವವರಲ್ಲಿ, ಅಂದರೆ ಹುಡುಗರಲ್ಲಿ ಮತ್ತು ಬಡವರಲ್ಲಿ. 2003ರ ತಂಬಾಕು ನಿಯಂತ್ರಣ ಕಾಯ್ದೆ, ಪ್ಯಾಕಿನ ಮೇಲಿನ ಚಿತ್ರ ಎಚ್ಚರಿಕೆ, 2013ರಲ್ಲಿ ಗುಟ್ಕಾ ನಿಷೇಧ ಎಲ್ಲ ಸೇರಿ ಕರ್ನಾಟಕದ ವಯಸ್ಕರಲ್ಲಿ ತಂಬಾಕು ಬಳಕೆ 2009–10ರಲ್ಲಿದ್ದ ಶೇ 28.2ರಿಂದ 2016–17ಕ್ಕೆ ಶೇ 22.8ಕ್ಕೆ ಬಂತು. ಯಾವ ಕ್ರಮಕ್ಕೆ ಎಷ್ಟು ಪಾಲು ಎಂದು ಬಿಡಿಸಿ ಹೇಳುವುದು ಕಷ್ಟ. ತೂತುಗಳೂ ಕಾಣುತ್ತವೆ: ಗುಟ್ಕಾ ಹೋಗಿ ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ಬಂದವು. ಬೀಡಿಯ ತೆರಿಗೆ ಸಿಗರೇಟಿನದ್ದಕ್ಕಿಂತ ಬಹಳ ಕಡಿಮೆ. ಬಿಡಿಯಾಗಿ ಒಂದು ಸಿಗರೇಟು ಕೊಂಡವನಿಗೆ ಪ್ಯಾಕಿನ ಚಿತ್ರವೇ ಕಾಣುವುದಿಲ್ಲ. ರಾಜ್ಯದ ತಿದ್ದುಪಡಿ ಕಾಯ್ದೆಗೆ 2025ರಲ್ಲಿ ರಾಷ್ಟ್ರಪತಿ ಅಂಕಿತ ಸಿಕ್ಕಿ, ತಂಬಾಕು ಕೊಳ್ಳುವ ವಯಸ್ಸು 18ರಿಂದ 21ಕ್ಕೆ ಏರಿದೆ. ಅಂಗಡಿಯವರು ವಯಸ್ಸು ಕೇಳುತ್ತಾರೋ ಎಂಬುದರ ಮೇಲೆ ಅದರ ಫಲ ನಿಂತಿದೆ.

ಮದ್ಯದ ಬೆಲೆಯ ಬಗ್ಗೆ ಸ್ಕಾಟ್ಲೆಂಡ್‌ನ ಅನುಭವ ಸ್ಪಷ್ಟವಾಗಿದೆ. ಇಂತಿಷ್ಟು ಮದ್ಯಸಾರಕ್ಕೆ ಇಂತಿಷ್ಟಕ್ಕಿಂತ ಕಡಿಮೆಗೆ ಮಾರಬಾರದೆಂದು 2018ರ ಮೇ 1ರಿಂದ ಕನಿಷ್ಠ ಬೆಲೆ ನಿಗದಿ ಮಾಡಿದರು. ಮದ್ಯದಿಂದಲೇ ಆಗುವ ಸಾವುಗಳು ಸುಮಾರು ಶೇ 13 ತಗ್ಗಿದವು ಎಂದು 2023ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಆದರೆ ಪೂರ್ತಿ ಚಟಕ್ಕೆ ಬಿದ್ದವರಲ್ಲಿ ಕೆಲವರು ಕುಡಿತ ಕಡಿಮೆ ಮಾಡದೆ ಊಟದ ಖರ್ಚು ಕಡಿಮೆ ಮಾಡಿದ್ದೂ ಕಂಡುಬಂತು. ಇದು ಲೈನ್ ಮನೆಯ ಹೆಂಗಸರಿಗೆ ಯಾವ ಅಧ್ಯಯನವೂ ಇಲ್ಲದೆ ಗೊತ್ತು. ತೊಂಬತ್ತು ಮಿ.ಲೀ. ಮದ್ಯದ ಪ್ಯಾಕೆಟ್ಟಿನ ಬೆಲೆ ಏರಿದರೆ ಇಳಿಯುವುದು ಮೀನು, ಎಣ್ಣೆ, ಮಗುವಿನ ನೋಟ್‌ಬುಕ್. ಬೆಲೆ ಏರಿಸುವುದು ಸರಿ, ಅದರ ಜೊತೆಗೇ ಚಿಕಿತ್ಸೆಯ ದಾರಿ ತೆರೆಯದಿದ್ದರೆ ಅದರ ಭಾರ ಕುಡಿಯದವರ ತಟ್ಟೆಯ ಮೇಲೆ ಬೀಳುತ್ತದೆ.

ಪೂರ್ತಿ ನಿಷೇಧ? ನಮ್ಮ ರಾಜ್ಯ 2007ರ ಜುಲೈ 1ರಿಂದ ಸಾರಾಯಿ ನಿಲ್ಲಿಸಿತು. ಪ್ಯಾಕೆಟ್ ಸಾರಾಯಿ ಮರೆಯಾದಾಗ ಎಷ್ಟೋ ಮನೆಗಳಲ್ಲಿ ಸಮಾಧಾನ ಹುಟ್ಟಿದ್ದನ್ನು ನಾನು ನೋಡಿದ್ದೇನೆ. ಆದರೆ ಬಹಳ ಮಂದಿ ಅಗ್ಗದ ವಿಸ್ಕಿ, ಬ್ರಾಂದಿಗೆ ಹೊರಳಿದರು. ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ, ಬೆಂಗಳೂರು ಸುತ್ತಮುತ್ತ ಮತ್ತು ತಮಿಳುನಾಡಿನ ಕೃಷ್ಣಗಿರಿ ಭಾಗದಲ್ಲಿ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಬಿಹಾರದಲ್ಲಿ 2016ರಲ್ಲಿ ಬಂದ ನಿಷೇಧದಿಂದ ದಿನವಹಿ ಕುಡಿತ ಮತ್ತು ಹೆಂಡತಿಯ ಮೇಲಿನ ಹಿಂಸೆ ಎರಡೂ ತಗ್ಗಿದವೆಂದು ಸಂಶೋಧಕರು ಅಂದಾಜು ಮಾಡಿದ್ದಾರೆ, ಅಲ್ಲೂ ಕಳ್ಳಭಟ್ಟಿ ಸಾವುಗಳಾಗಿವೆ. ಎರಡನ್ನೂ ಒಟ್ಟಿಗೆ ಹೇಳದೆ ನಿಷೇಧದ ಪರವೋ ವಿರುದ್ಧವೋ ಮಾತಾಡುವುದು ಪ್ರಾಮಾಣಿಕವಲ್ಲ.

ತೋಟದ ಮಟ್ಟದಲ್ಲಿ ಇದಕ್ಕಿಂತ ಸಣ್ಣ, ಸುಲಭ ತಡೆಗಳಿವೆ. ಬಟವಾಡೆಯನ್ನು ಗೋಣಿಕೊಪ್ಪದ ಭಾನುವಾರದ ಸಂತೆಯ ಹಿಂದಿನ ಸಂಜೆ ಕೊಡುವ ಬದಲು ವಾರದ ಮಧ್ಯೆ ಕೊಡುವುದು, ಹೆಂಗಸಿನ ಕೂಲಿಯನ್ನು ಅವಳ ಕೈಗೇ ಅಥವಾ ಅವಳ ಖಾತೆಗೇ ಹಾಕುವುದು, ಕೆಲಸದ ಕೊನೆಗೆ ಬಾಟಲಿ ಕೊಡುವ ಹಳೆಯ ರೂಢಿ ಉಳಿದಿದ್ದರೆ ನಿಲ್ಲಿಸುವುದು. ಇವಕ್ಕೆ ಕಾನೂನು ಬೇಕಿಲ್ಲ, ಸಾಹುಕಾರರ ಮನಸ್ಸು ಸಾಕು.

ಈಗಾಗಲೇ ಕುಡಿಯುತ್ತಿರುವವರು

ಆ ಹುಡುಗಿ ಕೇಳಿದ್ದು ಬಿಟ್ಟವರ ಬಗ್ಗೆ. ಅದಕ್ಕೂ ಉತ್ತರ ಇದೆ. 2019ರ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿತ್ತು. ಗೋವಾದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗ ಈ ಕಂದಕವನ್ನು ದಾಟುವ ಒಂದು ದಾರಿ ತೋರಿಸಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬೇರೆ ಕಾಯಿಲೆಗೆಂದು ಬಂದ, ಹಾನಿಯಾಗುವಷ್ಟು ಕುಡಿಯುತ್ತಿದ್ದ ಗಂಡಸರೊಂದಿಗೆ ಕೆಲವೇ ಸಲ ಕೂತು ಮಾತಾಡಿದರು. ಮಾತಾಡಿದವರು ಡಾಕ್ಟರಲ್ಲ, ತರಬೇತಿ ಪಡೆದ ಸಾಮಾನ್ಯ ಜನ. ಮೂರು ತಿಂಗಳಿಗೆ ಅವರಲ್ಲಿ ಶೇ 36 ಮಂದಿಯ ಕುಡಿತ ಅಪಾಯದ ಮಟ್ಟದಿಂದ ಕೆಳಗಿಳಿದಿತ್ತು, ಹಾಗೆ ಮಾತಾಡಿಸದವರಲ್ಲಿ ಶೇ 26. ವರ್ಷದ ನಂತರವೂ ಲಾಭ ಉಳಿದಿತ್ತು. ನಮ್ಮ ಆಶಾ ಕಾರ್ಯಕರ್ತೆಯರು, ಅಂಗನವಾಡಿಯವರು ಲೈನ್ ಮನೆಗಳ ಒಳಗೆ ಹೋಗಿಬರುವವರು. ಈ ತರಬೇತಿ ಅವರಿಗೆ ಸಿಕ್ಕರೆ ಏನಾಗಬಹುದೆಂದು ನಾನು ಆಸೆಯಿಂದ ಯೋಚಿಸುತ್ತೇನೆ.

ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳು ಇಲ್ಲಿ ಎಲ್ಲರಿಗೂ ಗೊತ್ತು. ಶಿಬಿರದ ದಿನಗಳಷ್ಟೇ ಮುಖ್ಯವಾದದ್ದು ಆಮೇಲೆ ನವಜೀವನ ಸಮಿತಿಯಲ್ಲಿ ಬಿಟ್ಟವರು ಬಿಟ್ಟವರನ್ನು ಭೇಟಿಯಾಗುತ್ತಿರುವುದು. ಮರಳಿ ಕುಡಿಯುವುದು ಹೆಚ್ಚಾಗಿ ಮೊದಲ ತಿಂಗಳುಗಳಲ್ಲೇ. ಒಮ್ಮೆ ಜಾರಿದವನನ್ನು "ಇವನ ಹಣೆಬರಹ ಇಷ್ಟೇ" ಎಂದು ಬಿಟ್ಟರೆ ಕಷ್ಟ. ಹಲವು ಸಲ ಬಿಟ್ಟು, ಹಿಡಿದು, ಕೊನೆಗೆ ಬಿಟ್ಟವರೇ ಹೆಚ್ಚು. ಗಾಂಜಾ, ಮಾತ್ರೆಗಳ ವಿಷಯದಲ್ಲಿ ಕೇಸ್ ಆಗುತ್ತದೆಂದು ಹೆದರಿ ಮನೆಯವರು ಮುಚ್ಚಿಡುತ್ತಾರೆ. 1985ರ ಮಾದಕವಸ್ತು ಕಾಯ್ದೆಯ 64ಎ ಕಲಮು, ಸಣ್ಣ ಪ್ರಮಾಣದ ಅಥವಾ ಬಳಕೆಯ ಆರೋಪದ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪಡೆದು ಮುಗಿಸಿದರೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ.

ಒಂದು ಎಚ್ಚರಿಕೆ. ವರ್ಷಗಟ್ಟಲೆ ದಿನಾ ಬೆಳಿಗ್ಗೆಯಿಂದ ಕುಡಿಯುತ್ತಿದ್ದವರನ್ನು ಮನೆಯಲ್ಲಿ ಕೂಡಿಹಾಕಿ ಒಂದೇ ದಿನದಲ್ಲಿ ನಿಲ್ಲಿಸಬೇಡಿ. ಕೈ ನಡುಕ, ಬೆವರಿನಿಂದ ಶುರುವಾಗಿ ಎರಡು ಮೂರು ದಿನದೊಳಗೆ ಫಿಟ್ಸ್ ಬರಬಹುದು, ಇಲ್ಲದ್ದು ಕಂಡಂತೆ ಕೂಗಾಡಬಹುದು, ಜೀವಕ್ಕೇ ಅಪಾಯವಾಗಬಹುದು. "ದೆವ್ವ ಹಿಡಿದಿದೆ" ಎಂದು ಕೂರಬಾರದು. ಅದಕ್ಕೆ ಔಷಧ ಇದೆ, ವಿಟಮಿನ್ ಇಂಜೆಕ್ಷನ್ ಇದೆ, ಆಸ್ಪತ್ರೆಯಲ್ಲಿ ಕೆಲವು ದಿನದಲ್ಲಿ ಸುರಕ್ಷಿತವಾಗಿ ದಾಟಿಸುತ್ತಾರೆ. ಮಡಿಕೇರಿಯ ಜಿಲ್ಲಾ ಆಸ್ಪತ್ರೆಗೆ ಹೋಗುವ ಮೊದಲು ಯಾರನ್ನಾದರೂ ಕೇಳಬೇಕೆನಿಸಿದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು. ಮಾದಕವಸ್ತುಗಳಿಗೆ ರಾಷ್ಟ್ರೀಯ ಸಹಾಯವಾಣಿ 14446, ತಂಬಾಕು ಬಿಡಲು 1800-11-2356. ಕರೆ ಮಾಡುವವರು ಕುಡಿಯುವವರೇ ಆಗಿರಬೇಕೆಂದಿಲ್ಲ. ಹೆಂಡತಿ ಮಾಡಬಹುದು, ತಾಯಿ ಮಾಡಬಹುದು, ಒಂಬತ್ತನೇ ತರಗತಿಯ ಮಗಳೂ ಮಾಡಬಹುದು.